ಯೂನಿವರ್ಸಿಟಿಯ ಉಂಬಳಿ, ಎಲೆಕ್ಷನ್ನಿನ ರಜೆ

ನಮ್ಮೂರಿನ ಹುಡುಗನೊಬ್ಬ ಅಮೆರಿಕಾದಲ್ಲಿ ಎಂ.ಎಸ್. ಓದ್ತಿದ್ದಾನೆ. ಅಲ್ಲಿನ ಎಲೆಕ್ಷನ್ ಹೊತ್ತಿಗೆ ಫೋನ್ ಮಾಡಿದ್ದ. "ಅಣ್ಣಾ, ಯೂನಿವರ್ಸಿಟಿಯಿಂದ ಇಮೇಲ್ ಬಂದೈತೆ. ಡಿಪಾರ್ಟ್‌ಮೆಂಟ್ ಪ್ರಿಂಟರ್‌ನಲ್ಲಿ ಯಾವ ಪಾರ್ಟಿದೂ ಪಾಂಪ್ಲೆಟ್ ತೆಗೆಯಂಗಿಲ್ವಂತೆ, ಆಫೀಸ್ ಇಮೇಲಿಂದ ಯಾರಿಗೂ ಓಟು ಕೇಳಂಗಿಲ್ವಂತೆ. ಆದ್ರೆ ಹೊರಗಡೆ ನೋಡಿದ್ರೆ ಎರಡೂ ಪಾರ್ಟಿ ಹುಡುಗ್ರು ಟೇಬಲ್ ಹಾಕ್ಕೊಂಡು ಕೂತವ್ರೆ. ಇದೆಂಥ ರೂಲ್ಸು?" ಅಂದ. ಆಗ ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಕೂತು ಓದಿದಾಗ ಈ ರೂಲ್ಸಿನ ಕಥೆ ನಾನಂದುಕೊಂಡಷ್ಟು ಸಪ್ಪೆ ಇರಲಿಲ್ಲ.

ಮೊದಲು ಲೆಕ್ಕ. ಅಮೆರಿಕಾದ ತೆರಿಗೆ ಕಾಯಿದೆಯ 501(ಸಿ)(3) ಅನ್ನೋ ಕಲಮಿನಡಿ ಖಾಸಗಿ ಯೂನಿವರ್ಸಿಟಿ, ಚರ್ಚು, ಧರ್ಮಾರ್ಥ ಸಂಸ್ಥೆಗಳಿಗೆ ಆದಾಯ ತೆರಿಗೆ ಇಲ್ಲ. ಅವಕ್ಕೆ ದಾನ ಕೊಟ್ಟವರಿಗೂ ತೆರಿಗೆಯಲ್ಲಿ ರಿಯಾಯಿತಿ. ನಮ್ಮ ಶಾಸನಗಳಲ್ಲಿ ಅಗ್ರಹಾರಕ್ಕೆ 'ಸರ್ವಮಾನ್ಯ'ವಾಗಿ ಭೂಮಿ ಬಿಟ್ಟ ಹಾಗೆ ಅನ್ನಿ. ಆದರೆ ಈ ಉಂಬಳಿಗೊಂದು ಷರತ್ತುಂಟು: ಯಾವ ಚುನಾವಣೆಯಲ್ಲೂ, ಯಾವ ಅಭ್ಯರ್ಥಿಯ ಪರವಾಗಿಯೂ ವಿರೋಧವಾಗಿಯೂ ಸಂಸ್ಥೆ ಇಳಿಯುವಂತಿಲ್ಲ. ಕಾನೂನು ಮಾಡುವವರ ಮೇಲೆ ಒಂದು ಮಿತಿಯಲ್ಲಿ ಪ್ರಭಾವ ಬೀರಬಹುದು, ಅದಕ್ಕೆ 1934ರಿಂದ ಬೇರೆ ನಿಯಮ ಇದೆ. ಅಭ್ಯರ್ಥಿಯ ವಿಷಯದಲ್ಲಿ ಮಾತ್ರ ಮಿತಿಗಿತಿ ಏನಿಲ್ಲ, ಪೂರ್ತಿ ನಿಷೇಧ.

ಇದನ್ನು ತಂದದ್ದು ಯಾರೋ ದೊಡ್ಡ ಶಿಕ್ಷಣ ತಜ್ಞರಿರಬೇಕು ಅಂದುಕೊಂಡಿದ್ದೆ. ತಂದವರು ಲಿಂಡನ್ ಜಾನ್ಸನ್, ಮುಂದೆ ಅಧ್ಯಕ್ಷರಾದವರು. 1954ರಲ್ಲಿ ಅವರು ಸೆನೆಟ್ಟಿನಲ್ಲಿ ಡೆಮಾಕ್ರಟಿಕ್ ನಾಯಕ. ಟೆಕ್ಸಾಸಿನಲ್ಲಿ ಮರುಚುನಾವಣೆ ಎದುರಿತ್ತು, ಸ್ವಂತ ಪಕ್ಷದೊಳಗೇ ಡಡ್ಲಿ ಡೌಹರ್ಟಿ ಅನ್ನೋ ಯುವ ಶಾಸಕ ಸ್ಪರ್ಧೆಗೆ ನಿಂತಿದ್ದ. ತೆರಿಗೆ ವಿನಾಯಿತಿ ಪಡೆದಿದ್ದ ಕೆಲವು ಕಮ್ಯುನಿಸ್ಟ್ ವಿರೋಧಿ ಸಂಸ್ಥೆಗಳು ಜಾನ್ಸನ್ ವಿರುದ್ಧ ಕೆಲಸ ಮಾಡ್ತಿದ್ದವು. ಆ ಸಿಟ್ಟೇ ಇದರ ಮೂಲ ಅನ್ನೋದು ಬಹುತೇಕ ಇತಿಹಾಸಕಾರರ ಮಾತು. ಜುಲೈ 2ರಂದು, ಸಾವಿರಾರು ಕಲಮುಗಳ ತೆರಿಗೆ ಮಸೂದೆ ಚರ್ಚೆಯಲ್ಲಿದ್ದಾಗ, ಜಾನ್ಸನ್ ಎದ್ದು ನಿಂತು ಒಂದು ತಿದ್ದುಪಡಿ ಮಂಡಿಸಿದರು. ವಿಚಾರಣೆ ಇಲ್ಲ, ಸಮಿತಿ ಇಲ್ಲ, ಚರ್ಚೆಯೂ ಇಲ್ಲ. ಧ್ವನಿಮತದಲ್ಲಿ ಪಾಸು. ಆಗಸ್ಟಿನಲ್ಲಿ ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದರು. ನನ್ನಂಥ ಕೋಡ್ ಬರೆಯೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ: ರಿವ್ಯೂ ಆಗದೆ ಒಳಗೆ ಸೇರಿದ ಒಂದು ಸಾಲು, ಯಾಕೆ ಸೇರಿಸಿದ್ದು ಅಂತ ಕಾಮೆಂಟೂ ಇಲ್ಲ. ಎಪ್ಪತ್ತು ವರ್ಷ ಆದರೂ ಓಡ್ತಾನೇ ಇದೆ. ಡೌಹರ್ಟಿ ಅಂತೂ ಆ ತಿಂಗಳ ಕೊನೆಯ ಹೊತ್ತಿಗೇ ಸೋತಿದ್ದ.

ಯೂನಿವರ್ಸಿಟಿಗಳಿಗೆ ಇದರ ಬಿಸಿ ಜೋರಾಗಿ ತಟ್ಟಿದ್ದು 1970ರಲ್ಲಿ. ಏಪ್ರಿಲ್ 30ರಂದು ನಿಕ್ಸನ್ ಅಮೆರಿಕಾ ಸೇನೆ ಕಾಂಬೋಡಿಯಾಕ್ಕೆ ನುಗ್ಗಿದೆ ಅಂದರು. ಮೇ 4ಕ್ಕೆ ಓಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ದೇಶದ ಉದ್ದಗಲಕ್ಕೂ ಕ್ಯಾಂಪಸ್ಸುಗಳು ಮುಚ್ಚಿದವು. ಆ ಸಿಟ್ಟನ್ನು ಬೀದಿಯಿಂದ ಮತಪೆಟ್ಟಿಗೆ ಕಡೆ ತಿರುಗಿಸಬೇಕು ಅಂತ ಪ್ರಿನ್ಸ್‌ಟನ್ ಒಂದು ಉಪಾಯ ಮಾಡಿತು. ನವೆಂಬರ್ ಚುನಾವಣೆಗೆ ಮುಂಚೆ ಎರಡು ವಾರ ರಜೆ: ಯಾರ ಪರ ಬೇಕಾದರೂ ಹೋಗಿ ಪ್ರಚಾರ ಮಾಡಿ, ಬೇಡವಾದರೆ ಮನೇಲಿ ಮಲಗಿ.

ಈಗ ಹುಟ್ಟಿತು ಪ್ರಶ್ನೆ. ಯೂನಿವರ್ಸಿಟಿಯೇ ಪ್ರಚಾರಕ್ಕೆ ರಜೆ ಕೊಟ್ಟರೆ ಯೂನಿವರ್ಸಿಟಿಯೇ ಪ್ರಚಾರ ಮಾಡಿದ ಹಾಗಾ? ಉಂಬಳಿ ಹೋದರೆ ಗತಿ ಏನು? ಕಾಲೇಜುಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಆ ಬೇಸಿಗೆಯಲ್ಲೇ ಮಾರ್ಗಸೂಚಿ ಬರೆಯಿತು, ತೆರಿಗೆ ಇಲಾಖೆ ಒಪ್ಪಿತು. ರಜೆ ಕೊಡಿ, ಆದರೆ ಅದು ಬೇರೆ ರಜೆಯ ಬದಲಿಗಿರಲಿ, ಹೆಚ್ಚುವರಿ ಆಗಬಾರದು. ಹುಡುಗರ ರಾಜಕೀಯ ಸಂಘಕ್ಕೆ ಕೋಣೆ ಕೊಡಿ, ಆದರೆ ಬೇರೆ ಸಂಘಗಳಿಗಿರೋ ಷರತ್ತಿನ ಮೇಲೇ ಕೊಡಿ. ನಮ್ಮ ಹುಡುಗ ನೋಡಿದ ಟೇಬಲ್ಲು, ಮುಟ್ಟಬಾರದ ಪ್ರಿಂಟರು ಎರಡರ ಹಿಂದೆಯೂ ಇರೋದು ಈ ಲೆಕ್ಕಾಚಾರವೇ.

1972ರಲ್ಲಿ ತೆರಿಗೆ ಇಲಾಖೆ ಎರಡು ತೀರ್ಮಾನ ಕೊಟ್ಟಿತು. ರಾಜ್ಯಶಾಸ್ತ್ರದ ಕೋರ್ಸಿಗಾಗಿ ವಿದ್ಯಾರ್ಥಿಗಳು ತಾವೇ ಆರಿಸಿಕೊಂಡ ಅಭ್ಯರ್ಥಿಯ ಜೊತೆ ಕೆಲಸ ಮಾಡಿದರೆ ತಪ್ಪಿಲ್ಲ. ಯೂನಿವರ್ಸಿಟಿ ಜಾಗ, ದುಡ್ಡು ಕೊಟ್ಟು ನಡೆಸೋ ವಿದ್ಯಾರ್ಥಿ ಪತ್ರಿಕೆಯ ಸಂಪಾದಕೀಯ ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸಿದರೂ ಅದು ಹುಡುಗರ ಮಾತು, ಸಂಸ್ಥೆಯದ್ದಲ್ಲ. ಇದು ಎಷ್ಟು ಉದಾರ ನೋಡಿ! ಅದೇ ಇಲಾಖೆ 2007ರಲ್ಲಿ ಒಂದು ಕಾಲ್ಪನಿಕ ಉದಾಹರಣೆ ಕೊಟ್ಟಿತು: ಯೂನಿವರ್ಸಿಟಿಯ ಮುಖ್ಯಸ್ಥರು ಹಳೇ ವಿದ್ಯಾರ್ಥಿಗಳ ಪತ್ರಿಕೆಯ ತಮ್ಮ ಅಂಕಣದಲ್ಲಿ, ಇದು ನನ್ನ ಸ್ವಂತ ಅಭಿಪ್ರಾಯ ಅಂತ ಹೇಳಿ ಒಬ್ಬರನ್ನು ಬೆಂಬಲಿಸ್ತಾರೆ, ಅಂಕಣದ ಖರ್ಚನ್ನೂ ಜೇಬಿನಿಂದ ಕೊಡ್ತಾರೆ. ಆದರೂ ತಪ್ಪು, ಯಾಕಂದ್ರೆ ಪತ್ರಿಕೆ ಸಂಸ್ಥೆಯದ್ದು. ಹತ್ತೊಂಬತ್ತರ ಹುಡುಗನಿಗಿರೋ ಬಾಯಿ ಮುಖ್ಯಸ್ಥರಿಗಿಲ್ಲ. ನನಗಂತೂ ಇದು ಸರಿ ಅನ್ಸುತ್ತೆ. ಕುರ್ಚಿ ಮೇಲೆ ಕೂತವರ ಸ್ವಂತ ಮಾತು ಎಲ್ಲಿ ಮುಗೀತು, ಕುರ್ಚಿಯ ಮಾತು ಎಲ್ಲಿ ಶುರುವಾಯ್ತು ಅಂತ ಕೇಳೋರಿಗೆ ಗೊತ್ತಾಗಲ್ಲ.

ನನ್ನ ತಕರಾರು ಇರೋದು ಶಿಕ್ಷೆಯ ಬಗ್ಗೆ. ಒಂದು ಕರಪತ್ರಕ್ಕೂ ವಿನಾಯಿತಿಯೇ ರದ್ದಾಗಬಹುದು ಅನ್ನೋ ಭಯ ಇದ್ದಾಗ, ಯೂನಿವರ್ಸಿಟಿಯ ವಕೀಲರು ಕಾನೂನು ಎಳೆದ ಗೆರೆಗಿಂತ ಹತ್ತು ಮಾರು ಹಿಂದೆಯೇ ಬೇಲಿ ಹಾಕ್ತಾರೆ. ಆ ಭಯವನ್ನು ಬಳಸಿಕೊಳ್ಳೋಕೂ ಆಗುತ್ತೆ. 2025ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಸರ್ಕಾರದ ಬೇಡಿಕೆಗಳನ್ನು ಒಪ್ಪಲ್ಲ ಅಂದಾಗ, ಅದರ ವಿನಾಯಿತಿ ಕಿತ್ತು ರಾಜಕೀಯ ಸಂಸ್ಥೆಯ ಹಾಗೆ ತೆರಿಗೆ ಹಾಕಬೇಕೇನೋ ಅಂತ ಅಧ್ಯಕ್ಷ ಟ್ರಂಪ್ ಬರೆದರು. ಅಲ್ಲಿ ಯಾವ ಅಭ್ಯರ್ಥಿಯ ಮಾತೂ ಇರಲಿಲ್ಲ. ಇಂಥವರ ಲೆಕ್ಕ ತಪಾಸಣೆ ಮಾಡಿ ಅಂತ ಅಧ್ಯಕ್ಷರು ತೆರಿಗೆ ಇಲಾಖೆಗೆ ಹೇಳಬಾರದು ಅಂತ 1998ರಿಂದಲೇ ಕಾನೂನಿದೆ. ಆದರೂ ಬಾಯಿಬಿಟ್ಟು ಹೇಳಿದ ಮಾತು ಊರೂರಿನ ಯೂನಿವರ್ಸಿಟಿ ಆಫೀಸುಗಳಿಗೆ ತಲುಪದೇ ಇರುತ್ತಾ?

ಹುಡುಗನಿಗೆ ವಾಪಸ್ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವನಿಗೆ ಹಿಡಿಸಿದ್ದು ಒಂದೇ ವಿಷಯ. ಪ್ರಿನ್ಸ್‌ಟನ್ನಿನ ಆ ರಜೆ ಹೋಗಲೇ ಇಲ್ಲ. ಎರಡು ವಾರ ಇದ್ದದ್ದು ಕಡಿಮೆಯಾಗಿ, ಫಾಲ್ ಬ್ರೇಕ್ ಅನ್ನೋ ಹೆಸರಲ್ಲಿ ಉಳಿದುಕೊಂಡಿದೆ. "ಈಗ್ಲೂ ಪ್ರಚಾರಕ್ಕೆ ಹೋಗ್ತಾರಾ?" ಅಂದ. ಬಹಳ ಮಂದಿ ಊರಿಗೆ ಹೋಗ್ತಾರಪ್ಪ ಅಂದೆ.