ದೀಪವಿಲ್ಲದ ಊರಿನ ಫೋಟೊ

1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನರಿಂದ ಗಿಜಿಗುಡುವ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ತಟ್ಟೆಯ ಮೇಲೆ ಬಿಂಬ ಮೂಡಲು ಆಗ ಹಲವು ನಿಮಿಷ ಬೇಕಾಗುತ್ತಿತ್ತು. ಅಷ್ಟರಲ್ಲಿ ನಡೆದು ಹೋದವರೆಲ್ಲ ಅಳಿಸಿಹೋದರು. ಕಣ್ಣಿಗೆ ಬೀಳುವಂತೆ ಉಳಿದವರು ಇಬ್ಬರೇ: ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತವನೊಬ್ಬ, ಹಾಕುತ್ತಿದ್ದವನೊಬ್ಬ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳೆಯ ಕಟ್ಟಡಗಳ ಫೋಟೊವನ್ನು ರಾತ್ರಿ ಹೊತ್ತು ತೆಗೆಯುತ್ತ ತಿರುಗುವ ನನಗೆ ಈ ಚಿತ್ರ ಪದೇ ಪದೇ ನೆನಪಾಗುತ್ತದೆ. ಕ್ಯಾಮೆರಾ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಹುಣ್ಣಿಮೆಯ ಬೆಳದಿಂಗಳು ನಡುಹಗಲ ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂಕು. ಹಗಲಲ್ಲಿ ಸೆಕೆಂಡಿನ 1,600ನೇ ಒಂದು ಭಾಗ ಸಾಕಾಗುವ ಚಿತ್ರಕ್ಕೆ ಬೆಳದಿಂಗಳಲ್ಲಿ ನಾಲ್ಕು ನಿಮಿಷದ ಮೇಲೆ ಬೇಕು. ಆ ನಾಲ್ಕು ನಿಮಿಷದಲ್ಲಿ ಆಕಾಶ ಹಗಲಿನಂತೆ ನೀಲಿಯಾಗುತ್ತದೆ, ನಕ್ಷತ್ರಗಳು ಸಣ್ಣ ಗೀರುಗಳಾಗುತ್ತವೆ, ಗೋಡೆಯ ಒಂದೊಂದು ಕಲ್ಲೂ ಮೂಡುತ್ತದೆ. ಗೋಡೆಯ ಮುಂದೆ ಹಾದುಹೋದ ಮನುಷ್ಯ ಮಾತ್ರ ಇರುವುದಿಲ್ಲ. ಅವನ ಕೈಯಲ್ಲಿ ಬ್ಯಾಟರಿ ಇದ್ದರೆ ಬೆಳಕಿನ ಗೆರೆಯೊಂದು ಉಳಿಯುತ್ತದೆ, ಹಿಡಿದ ಕೈ ಉಳಿಯುವುದಿಲ್ಲ.

ಚನ್ನಗಿರಿ ಕೋಟೆಯಲ್ಲಿ ಉತ್ತರಕ್ಕೆ ಮುಖ ಮಾಡಿ ಕ್ಯಾಮೆರಾ ನಿಲ್ಲಿಸಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಯುರೋಪಿನ ರಾತ್ರಿ ಚಿತ್ರಗಳಲ್ಲಿ ನಕ್ಷತ್ರಗಳು ನೆತ್ತಿಯ ಕಡೆಗೆ, ಎತ್ತರದಲ್ಲಿ ಸುತ್ತುತ್ತವೆ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಧ್ರುವನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಕೋಟೆ ಗೋಡೆಗೆ ತಾಗಿದಂತೆ ಕಾಣುತ್ತದೆ. ಗಂಟೆಗೆ 15 ಡಿಗ್ರಿಯಂತೆ ಇಡೀ ಆಕಾಶ ಆ ಗೋಡೆಯ ಸುತ್ತ ತಿರುಗುತ್ತದೆ. ನೋಡಿದವರು ‘ಎಂಥಾ ಪಾಳು ಕೋಟೆ’ ಎನ್ನುತ್ತಾರೆ. ಅದೇ ಕೋಟೆಯೊಳಗೆ ರಂಗನಾಥಸ್ವಾಮಿಗೆ ಪೂಜೆ ನಡೆಯುತ್ತದೆ. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಊರು ಗುಡ್ಡದ ಬುಡದಲ್ಲಿ ಉಂಡು ಮಲಗಿರುತ್ತದೆ.

ಈ ಖಾಲಿತನಕ್ಕೆ ನಮ್ಮ ನಾಡಿನಲ್ಲೂ ಹಳೆಯ ಚರಿತ್ರೆಯಿದೆ. ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಆಂಡ್ರೂ ನೀಲ್ ಜೊತೆ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ನೀಲ್, ಪಿಗೋ, ಬಿಗ್ಸ್ ತೆಗೆದ ಚಿತ್ರಗಳನ್ನು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗೆಗಿನ ಪುಸ್ತಕವಾಗಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ವಿವರಣೆಯೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿದರು. ಕಟ್ಟಡದ ಅಳತೆ ತೋರಿಸಲು ಅಲ್ಲಾಡದಂತೆ ನಿಲ್ಲಿಸಿದವರನ್ನು ಬಿಟ್ಟರೆ ಇಂಥ ಚಿತ್ರಗಳಲ್ಲಿ ಜನ ಅಪರೂಪ. ದೇವಸ್ಥಾನಕ್ಕೆ ಬಂದುಹೋಗುವವರನ್ನು ಹಿಡಿಯುವ ಶಕ್ತಿ ಆಗಿನ ಕ್ಯಾಮೆರಾಕ್ಕೆ ಇರಲಿಲ್ಲ. ಹಾಗಾಗಿ, ಇಲ್ಲಿ ಕಟ್ಟಿದವರು ಇದ್ದರು, ಈಗ ಯಾರೂ ಇಲ್ಲ ಎಂಬ ಭಾವನೆ ಚಿತ್ರದಿಂದಲೇ ಹುಟ್ಟಿತು.

ಕ್ಯಾಮೆರಾದಂತೆಯೇ ಕಡತವೂ ಕೆಲಸ ಮಾಡುತ್ತದೆ. ಜನವಸತಿ ಇಲ್ಲದ ಗ್ರಾಮವನ್ನು ನಮ್ಮ ಕಂದಾಯ ದಾಖಲೆಗಳು ‘ಬೇಚರಾಕ್’ ಎನ್ನುತ್ತವೆ. ಪರ್ಷಿಯನ್ನಿನ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ಎಂಥ ಮಾತು ನೋಡಿ! ಮನೆ ಬಿದ್ದಿದೆ ಎಂದಲ್ಲ, ಬೆಳಕಿಲ್ಲ ಎಂದು ಊರಿನ ಸಾವನ್ನು ಬರೆದಿದ್ದಾರೆ. ಆದರೆ ಬೇಚರಾಕ್ ಊರಿನಲ್ಲೂ ಹೊಲಗಳಿಗೆ ಸರ್ವೆ ನಂಬರ್ ಇರುತ್ತದೆ, ಉಳುವವರು ಪಕ್ಕದ ಊರಿನಿಂದ ಬರುತ್ತಾರೆ. ಹನುಮಪ್ಪನ ಗುಡಿಯೊಂದು ಉಳಿದಿದ್ದರೆ ಒಕ್ಕಲು ಹಬ್ಬಕ್ಕೆ ಬಂದು ದೀಪ ಹಚ್ಚಿ ಹೋಗುತ್ತದೆ. ಆ ದೀಪ ಕಡತಕ್ಕೆ ಕಾಣುವುದಿಲ್ಲ.

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಈ ಬಂದುಹೋಗುವವರಿಗೆ ಒಂದು ಕಟ್ಟಡವೇ ಇದೆ. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಅದರ ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿಗೆ ಸೇರಿದ ಕಟ್ಟಡ. ಜನ ಅದನ್ನು ಕರೆಯುವುದು ಮುಸಾಫಿರ್‌ಖಾನಾ ಎಂದು, ದಾರಿಹೋಕರು ತಂಗುವ ಜಾಗ. ಸಂರಕ್ಷಿತ ಸ್ಮಾರಕವಾದ್ದರಿಂದ ಸೂರ್ಯ ಮುಳುಗಿದ ಮೇಲೆ ಒಳಗೆ ಪ್ರವೇಶವಿಲ್ಲ. ಚಿತ್ರ ತೆಗೆಯುವುದಿದ್ದರೆ ಹೊರಗೆ ನಿಂತು ತೆಗೆಯಬೇಕು. ನಾಲ್ಕು ನಿಮಿಷದಲ್ಲಿ ಹೊಂಡದ ಅಲೆಗಳು ಕನ್ನಡಿಯಂತೆ ಸಮನಾಗುತ್ತವೆ. ನಡುವಿನ ಮಂಟಪ ತಲೆಕೆಳಗಾಗಿ ತೇಲುತ್ತದೆ. ಅಲೆಯೆಬ್ಬಿಸಿದ ಗಾಳಿಯೂ ಇಲ್ಲ, ದಾರಿಹೋಕರೂ ಇಲ್ಲ.

ಹಾಗೆಂದು ಈ ಕಲೆ ಬರೀ ಅಳಿಸುವುದೇ ಎಂದರೆ ತಪ್ಪಾದೀತು. ಸಿಂದರು ಆಳಿದ ಬೆಳಗುತ್ತಿ ಇಂದು ನ್ಯಾಮತಿ ತಾಲ್ಲೂಕಿನಲ್ಲಿದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ಸೀಮೆಯ ಶಾಸನಗಳಿವೆ. ಸವೆದ ಕಲ್ಲಿನ ಮೇಲೆ ನಡುಹಗಲ ಬಿಸಿಲು ನೇರ ಬಿದ್ದರೆ ಅಕ್ಷರ ಕಾಣದು. ಕತ್ತಲಲ್ಲಿ ಷಟರ್ ತೆರೆದಿಟ್ಟು, ಬ್ಯಾಟರಿಯನ್ನು ಕಲ್ಲಿಗೆ ತಾಗಿದಂತೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸಣ್ಣ ಕುಳಿಯೂ ನೆರಳು ಚೆಲ್ಲುತ್ತದೆ, ಸಾಲು ಎದ್ದು ನಿಲ್ಲುತ್ತದೆ. ಹಗಲು ಮುಚ್ಚಿದ್ದನ್ನು ರಾತ್ರಿ ಓದಿಸುತ್ತದೆ.

ಕಷ್ಟವಿರುವುದು ಚಿತ್ರದ ಕೆಳಗೆ ಬರೆಯುವ ಸಾಲಿನಲ್ಲಿ. ಜಗಳೂರು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಕೆಲಸ ಹುಡುಕಿ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೆಳದಿಂಗಳಲ್ಲಿ ಆ ಮಣ್ಣಿನ ಗೋಡೆ, ಬೀಗ, ಹಿಂದೆ ನಕ್ಷತ್ರ, ಎಲ್ಲ ಸೊಗಸಾಗಿಯೇ ಬರುತ್ತವೆ. ಅದನ್ನು ಪಾಳುಮನೆ ಎಂದು ಬರೆದರೆ ಯುಗಾದಿಗೆ ಬಂದು ಬಾಗಿಲು ತೆಗೆದು ಸುಣ್ಣ ಬಳಿಯುವವರನ್ನು ಎರಡನೇ ಸಲ ಅಳಿಸಿದಂತೆ. ಪಾಳು ಎಂದು ಹೆಸರು ಬಿದ್ದ ಗೋಡೆಯಿಂದ ಕಲ್ಲು ಕೀಳಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಚಿತ್ರಕ್ಕೂ ತಿಥಿ, ಷಟರ್ ತೆರೆದಿದ್ದ ಹೊತ್ತು ಇವುಗಳ ಜೊತೆಗೆ ಇನ್ನೊಂದು ಸಾಲಿರುತ್ತದೆ: ಆ ಹೊತ್ತಿನಲ್ಲಿ ಹಾದವರು. ಕೋಟೆಯ ಒಂದು ಚಿತ್ರಕ್ಕೆ ಹೀಗಿದೆ: ‘ಹುಣ್ಣಿಮೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ಕೊಡ ಹೊತ್ತ ಹೆಂಗಸು, ಇಬ್ಬರು ಹುಡುಗರು, ಒಂದು ನಾಯಿ.’