ಆಫ್ರಿಕನ್-ಅಮೆರಿಕನ್ ಗ್ರೀಕ್-ಅಕ್ಷರ ವಿದ್ಯಾರ್ಥಿ ಸಂಘಗಳು

ಆಫ್ರಿಕನ್-ಅಮೆರಿಕನ್ ಗ್ರೀಕ್-ಅಕ್ಷರ ಸಂಘಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಇಪ್ಪತ್ತನೆಯ ಶತಮಾನದ ಆರಂಭದಿಂದ ಕಟ್ಟಿಕೊಂಡು ಬಂದಿರುವ ಸಂಸ್ಥೆಗಳು. ಇವುಗಳಲ್ಲಿ ಪುರುಷರ ಸಂಘವನ್ನು ಫ್ರಾಟರ್ನಿಟಿ (ಸೋದರ ಸಂಘ) ಎಂದೂ ಮಹಿಳೆಯರ ಸಂಘವನ್ನು ಸೊರೊರಿಟಿ (ಸೋದರಿ ಸಂಘ) ಎಂದೂ ಕರೆಯುತ್ತಾರೆ. ಪ್ರತಿಯೊಂದು ಸಂಘಕ್ಕೂ ಎರಡು ಅಥವಾ ಮೂರು ಗ್ರೀಕ್ ಅಕ್ಷರಗಳ ಹೆಸರಿರುತ್ತದೆ. ಗ್ರೀಸ್ ದೇಶದೊಂದಿಗೆ ಇವುಗಳಿಗೆ ಬೇರೆ ಸಂಬಂಧವೇನೂ ಇಲ್ಲ. ೧೭೭೬ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಫೈ ಬೀಟಾ ಕ್ಯಾಪ್ಪಾ ಎಂಬ ಸಂಘದಿಂದ ಮೊದಲಾದ ಹೆಸರಿಡುವ ರೂಢಿಯೇ ಇಲ್ಲಿಯೂ ಮುಂದುವರಿದಿದೆ. ಪ್ರಮುಖವಾದ ಒಂಬತ್ತು ಸಂಘಗಳು ನ್ಯಾಷನಲ್ ಪ್ಯಾನ್-ಹೆಲೆನಿಕ್ ಕೌನ್ಸಿಲ್ ಎಂಬ ಒಕ್ಕೂಟಕ್ಕೆ ಸೇರಿದ್ದು, ಜನರ ಮಾತಿನಲ್ಲಿ 'ಡಿವೈನ್ ನೈನ್' ಎಂದು ಹೆಸರಾಗಿವೆ. ಕಾಲೇಜಿನ ದಿನಗಳಲ್ಲಿ ಪಡೆದ ಸದಸ್ಯತ್ವವು ಜೀವನಪರ್ಯಂತ ಉಳಿಯುವುದು ಈ ಸಂಘಗಳ ಮುಖ್ಯ ಲಕ್ಷಣ.

ಹುಟ್ಟಿನ ಹಿನ್ನೆಲೆ

ಗುಲಾಮಗಿರಿ ರದ್ದಾಗಿ ಮೂರೂವರೆ ದಶಕಗಳು ಕಳೆದಿದ್ದರೂ ೧೯೦೦ರ ವೇಳೆಗೆ ಉತ್ತರದ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಬೆರಳೆಣಿಕೆಯಷ್ಟೇ ಇತ್ತು. ಪ್ರವೇಶ ಸಿಕ್ಕರೂ ಸಹವಾಸ ಸಿಗುತ್ತಿರಲಿಲ್ಲ. ಬಿಳಿಯರ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದೇ ಸಂಘಗಳ ಮನೆಗಳಲ್ಲಿ ಊಟ ಬಡಿಸುವ ಕೆಲಸ ಮಾಡಿ ಓದಿನ ಖರ್ಚು ತೂಗಿಸಿಕೊಂಡವರೂ ಇದ್ದರು. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ೧೯೦೪-೦೫ನೆಯ ಸಾಲಿನಲ್ಲಿ ಓದಿದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ತರಗತಿಗೆ ಹಿಂದಿರುಗಲಿಲ್ಲ. ಉಳಿದವರಿಗೆ ಇದು ಎಚ್ಚರಿಕೆಯಾಯಿತು. ಅವರು ಮೊದಲು ಸಾಹಿತ್ಯ ಕೂಟವೆಂದು ಒಂದೆಡೆ ಸೇರಿ, ಪಾಠಗಳಲ್ಲಿ ಪರಸ್ಪರ ನೆರವಾಗತೊಡಗಿದರು. ಆ ಕೂಟವೇ ೧೯೦೬ರ ಡಿಸೆಂಬರ್ ೪ರಂದು ಏಳು ಮಂದಿ ಸ್ಥಾಪಕರ ಆಲ್ಫಾ ಫೈ ಆಲ್ಫಾ ಎಂಬ ಸಂಘವಾಯಿತು. ಮೋಜಿಗಾಗಿ ಕಟ್ಟಿದ ಗೆಳೆಯರ ಗುಂಪು ಎಂದು ಈ ಸಂಘಗಳನ್ನು ನೋಡುವವರು ಈ ಮೂಲವನ್ನು ಮರೆಯುತ್ತಾರೆ. ಓದನ್ನು ಅರ್ಧಕ್ಕೆ ಬಿಟ್ಟು ಹೋಗದಂತೆ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವುದು ಮೊದಲ ಸಂಘದ ಮೊದಲ ಕೆಲಸವಾಗಿತ್ತು.

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿಯೂ ಇಂಥದೇ ಒಂಟಿತನದಿಂದ ೧೯೧೧ರ ಜನವರಿ ೫ರಂದು ಕ್ಯಾಪ್ಪಾ ಆಲ್ಫಾ ಸೈ ಹುಟ್ಟಿತು. ಅದರ ಮೊದಲ ಹೆಸರು ಕ್ಯಾಪ್ಪಾ ಆಲ್ಫಾ ನ್ಯೂ; ೧೯೧೫ರಲ್ಲಿ ಈಗಿನ ಹೆಸರು ಬಂದಿತು.

ಹೋವರ್ಡ್ ವಿಶ್ವವಿದ್ಯಾಲಯ ಮತ್ತು ಸೋದರಿ ಸಂಘಗಳು

ಒಂಬತ್ತರಲ್ಲಿ ಐದು ಸಂಘಗಳು ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾದವು. ಕಪ್ಪು ಜನರ ಉನ್ನತ ಶಿಕ್ಷಣಕ್ಕೆಂದೇ ಬೆಳೆದ ಈ ಸಂಸ್ಥೆಯಲ್ಲಿ ೧೯೦೮ರ ಜನವರಿ ೧೫ರಂದು ಆರಂಭವಾದ ಆಲ್ಫಾ ಕ್ಯಾಪ್ಪಾ ಆಲ್ಫಾ ಕಪ್ಪು ಮಹಿಳೆಯರ ಮೊದಲ ಸೋದರಿ ಸಂಘ. ಎಥೆಲ್ ಹೆಡ್ಜ್‌ಮನ್ ಇದರ ರೂವಾರಿ. ಮೂರು ವರ್ಷಗಳ ನಂತರ, ೧೯೧೧ರ ನವೆಂಬರ್ ೧೭ರಂದು, ಮೂವರು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕರೂ ಹೆಸರಾಂತ ಜೀವವಿಜ್ಞಾನಿಯೂ ಆದ ಅರ್ನೆಸ್ಟ್ ಎವರೆಟ್ ಜಸ್ಟ್ ಅವರೊಡಗೂಡಿ ಒಮೆಗಾ ಸೈ ಫೈ ಸಂಘವನ್ನು ಕಟ್ಟಿದರು.

ಆಲ್ಫಾ ಕ್ಯಾಪ್ಪಾ ಆಲ್ಫಾದಲ್ಲಿದ್ದ ೨೨ ಮಂದಿ ವಿದ್ಯಾರ್ಥಿನಿಯರು, ಸಂಘವು ಸಾರ್ವಜನಿಕ ವಿಷಯಗಳಲ್ಲಿ ಇನ್ನಷ್ಟು ತೊಡಗಬೇಕೆಂದು ಬಯಸಿ ಹೊರಬಂದು ೧೯೧೩ರ ಜನವರಿ ೧೩ರಂದು ಡೆಲ್ಟಾ ಸಿಗ್ಮಾ ಥೀಟಾವನ್ನು ಸ್ಥಾಪಿಸಿದರು. ಎರಡು ತಿಂಗಳೂ ತುಂಬುವ ಮೊದಲೇ, ಮಾರ್ಚ್ ೩ರಂದು, ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಅವರು ನಡೆದರು. ಕಪ್ಪು ಮಹಿಳೆಯರು ಹಿಂದೆ ಬರಲಿ ಎಂಬ ಒತ್ತಾಯ ಆ ಮೆರವಣಿಗೆಯಲ್ಲಿ ಕೇಳಿಬಂದಿದ್ದನ್ನು ನೆನೆದರೆ, ಆ ವಿದ್ಯಾರ್ಥಿನಿಯರ ಹೆಜ್ಜೆಯ ತೂಕ ತಿಳಿಯುತ್ತದೆ. ಫೈ ಬೀಟಾ ಸಿಗ್ಮಾ (೧೯೧೪) ಮತ್ತು ಝೀಟಾ ಫೈ ಬೀಟಾ (೧೯೨೦) ಹೋವರ್ಡಿನ ಉಳಿದೆರಡು ಸಂಘಗಳು.

ಸಿಗ್ಮಾ ಗಾಮಾ ರೋ ಸಂಘದ ಕಥೆ ಸ್ವಲ್ಪ ಬೇರೆ. ೧೯೨೨ರ ನವೆಂಬರ್ ೧೨ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಇದನ್ನು ಕಟ್ಟಿದವರು ಏಳು ಮಂದಿ ಶಾಲಾ ಶಿಕ್ಷಕಿಯರು. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಉಗ್ರ ಸಂಘಟನೆ ಇಂಡಿಯಾನಾ ರಾಜ್ಯದಲ್ಲಿ ಬಲಗೊಳ್ಳುತ್ತಿದ್ದ ಕಾಲ ಅದು. ಅಂಥ ಸಮಯದಲ್ಲಿ, ಬಿಳಿಯರೇ ಬಹುಸಂಖ್ಯೆಯಲ್ಲಿದ್ದ ಬಟ್ಲರ್ ವಿಶ್ವವಿದ್ಯಾಲಯದ ನೆಲೆಯಲ್ಲಿ ಕಪ್ಪು ಶಿಕ್ಷಕಿಯರು ಸಂಘ ಕಟ್ಟಿದ್ದು ಸಣ್ಣ ಧೈರ್ಯವಲ್ಲ. ಒಂಬತ್ತನೆಯದಾದ ಅಯೋಟಾ ಫೈ ಥೀಟಾ ೧೯೬೩ರಲ್ಲಿ ಬಾಲ್ಟಿಮೋರಿನ ಮಾರ್ಗನ್ ಸ್ಟೇಟ್ ಕಾಲೇಜಿನಲ್ಲಿ ಹುಟ್ಟಿತು. ೧೯೩೦ರ ಮೇ ೧೦ರಂದು ಹೋವರ್ಡಿನಲ್ಲಿ ರಚನೆಯಾಗಿದ್ದ ಒಕ್ಕೂಟಕ್ಕೆ ಅದು ಸೇರಿದ್ದು ೧೯೯೦ರ ದಶಕದಲ್ಲಿ.

ಸದಸ್ಯತ್ವದ ರೀತಿ

ಬಿಳಿಯರ ಸಂಘಗಳು ಹೆಚ್ಚಾಗಿ ವರ್ಷಾರಂಭದಲ್ಲಿ ಬಹಿರಂಗವಾಗಿ, ಮನೆ ಮನೆ ತೋರಿಸಿ, ಹೊಸಬರನ್ನು ಆಯ್ದುಕೊಳ್ಳುತ್ತವೆ. ಕಪ್ಪು ಜನಾಂಗದ ಸಂಘಗಳ ಕ್ರಮ ಹೀಗಿಲ್ಲ. ಕಾಲೇಜಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಒಡನೆ ಸೇರುವಂತಿಲ್ಲ. ಕೆಲಕಾಲ ಓದಿ ನಿಗದಿತ ಅಂಕಗಳನ್ನು ಗಳಿಸಿರಬೇಕು. ಸಂಘವು ಮಾಹಿತಿ ಸಭೆ ಕರೆದಾಗ ಹಾಜರಾಗಿ, ಅರ್ಜಿ, ಶಿಫಾರಸು ಪತ್ರ ಮತ್ತು ಶುಲ್ಕ ಸಲ್ಲಿಸಿ, ಸಂದರ್ಶನವನ್ನು ಎದುರಿಸಬೇಕು. ಸಮಾಜಸೇವೆಯ ಅನುಭವವನ್ನೂ ಗಮನಿಸುತ್ತಾರೆ. ಬರೆಯದ ನಿಯಮಗಳು ಇನ್ನೂ ಕಠಿಣ. ತನಗೆ ಯಾವ ಸಂಘದಲ್ಲಿ ಆಸಕ್ತಿಯಿದೆ ಎಂಬುದನ್ನು ವಿದ್ಯಾರ್ಥಿ ಊರಿಗೆಲ್ಲ ಸಾರುವುದು ಸಲ್ಲದು. ಸದಸ್ಯರಲ್ಲದವರು ಸಂಘದ ಅಕ್ಷರಗಳನ್ನು ತೊಡುವುದು, ಅದರ ಕೂಗನ್ನಾಗಲಿ ಕೈಸನ್ನೆಯನ್ನಾಗಲಿ ಅನುಕರಿಸುವುದು ಅಪಚಾರವೆನಿಸುತ್ತದೆ. ಆದ್ದರಿಂದ ಮನೆಯಲ್ಲಿ ಹಿರಿಯ ಸದಸ್ಯರಿಲ್ಲದ, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದ ವಿದ್ಯಾರ್ಥಿಗೆ ಈ ಲೋಕದ ರೀತಿ ತಿಳಿಯುವುದೇ ಕಷ್ಟ. ಸಂಘದ ಇತಿಹಾಸವನ್ನು ಓದಿ, ಅದು ನಡೆಸುವ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸುವುದೇ ಇಲ್ಲಿ ಒಪ್ಪಿತವಾದ ದಾರಿ.

ಸೇರ್ಪಡೆಗೆ ಜನಾಂಗದ ನಿರ್ಬಂಧವಿಲ್ಲ. ಇತರ ಜನಾಂಗದವರೂ ಸದಸ್ಯರಾಗಿದ್ದಾರೆ. ಪದವಿ ಮುಗಿದ ಬಳಿಕ ಸದಸ್ಯರು ತಾವಿರುವ ಊರಿನ ಪದವೀಧರ ಶಾಖೆಯಲ್ಲಿ ಮುಂದುವರಿಯುತ್ತಾರೆ. ಕಾಲೇಜಿನಲ್ಲಿ ಸೇರದಿದ್ದವರು ಮುಂದೆ ಈ ಶಾಖೆಗಳ ಮೂಲಕವೂ ಸೇರಬಹುದು.

ದೀಕ್ಷೆಯ ಹೆಸರಿನಲ್ಲಿ ಹಿಂಸೆ

ಹೊಸಬರನ್ನು ಪರೀಕ್ಷಿಸುವ ನೆಪದಲ್ಲಿ ಹೊಡೆಯುವುದು, ನಿದ್ರೆಗೆಡಿಸುವುದು, ಅವಮಾನಿಸುವುದು ಈ ಸಂಘಗಳ ಇತಿಹಾಸದ ಕಪ್ಪು ಚುಕ್ಕೆ. ಭಾರತದಲ್ಲಿ ಪರಿಚಿತವಾಗಿರುವ ರ‍್ಯಾಗಿಂಗ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ರ‍್ಯಾಗಿಂಗ್‌ಗೆ ಒಳಗಾದವನು ಅದನ್ನು ಬಯಸಿ ಹೋದವನಲ್ಲ. ಇಲ್ಲಿ ಸದಸ್ಯತ್ವದ ಆಸೆಯಿಂದ ವಿದ್ಯಾರ್ಥಿಯೇ ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರುತ್ತಾನೆ. ೧೯೮೯ರಲ್ಲಿ ಅಟ್ಲಾಂಟಾದಲ್ಲಿ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ ನಂತರ ಕಳವಳ ಹೆಚ್ಚಾಗಿ, ೧೯೯೦ರಲ್ಲಿ ಒಕ್ಕೂಟದ ಸಂಘಗಳು ವಾರಗಟ್ಟಲೆ ನಡೆಯುತ್ತಿದ್ದ ಹಳೆಯ ಉಮೇದುವಾರಿ ಪದ್ಧತಿಯನ್ನು ಕೈಬಿಟ್ಟು ಅರ್ಜಿ-ಸಂದರ್ಶನಗಳ ಕ್ರಮವನ್ನು ತಂದವು. ಆದರೆ ನಿಷೇಧದ ನಂತರ ಹಿಂಸೆ ನಿಲ್ಲಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬೀಳದ ಕಡೆಗೆ ಸರಿಯಿತು. ಕಾಗದದ ಮೇಲೆ ಮಾತ್ರ ಸದಸ್ಯನಾದವನೆಂದು ಹೀಯಾಳಿಸುವ ಮನೋಭಾವ ಹಳೆಯ ಪದ್ಧತಿಯನ್ನು ಗುಟ್ಟಾಗಿ ಜೀವಂತವಾಗಿರಿಸಿದೆ. ೨೦೨೪ರ ಡಿಸೆಂಬರಿನಲ್ಲಿ ಅಂಗೀಕಾರವಾದ ಕೇಂದ್ರ ಕಾನೂನೊಂದು, ಇಂಥ ಘಟನೆಗಳ ವಿವರವನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂದು ವಿಧಿಸಿದೆ. ಇದು ಎಲ್ಲ ವಿದ್ಯಾರ್ಥಿ ಸಂಘಟನೆಗಳಿಗೂ ಅನ್ವಯಿಸುತ್ತದೆ.

ಸಮಾಜಸೇವೆ

ಆಲ್ಫಾ ಕ್ಯಾಪ್ಪಾ ಆಲ್ಫಾ ೧೯೩೫ರಿಂದ ೧೯೪೨ರವರೆಗೆ ಬೇಸಿಗೆಗಳಲ್ಲಿ ನಡೆಸಿದ ಮಿಸಿಸಿಪ್ಪಿ ಆರೋಗ್ಯ ಯೋಜನೆ ಇವುಗಳ ಸೇವೆಯ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು. ವೈದ್ಯೆ ಡೊರೊತಿ ಬೋಲ್ಡಿಂಗ್ ಫೆರಬೀ ಇದರ ನೇತೃತ್ವ ವಹಿಸಿದ್ದರು. ಹತ್ತಿ ತೋಟದ ಮಾಲೀಕರು ತಮ್ಮ ಗೇಣಿದಾರರನ್ನು ಚಿಕಿತ್ಸಾಲಯಕ್ಕೆ ಹೋಗಗೊಡದಿದ್ದಾಗ, ಸದಸ್ಯೆಯರು ಕಾರುಗಳಲ್ಲಿ ಔಷಧಿ ತುಂಬಿಕೊಂಡು ತೋಟಗಳಿಗೇ ಹೋದರು. ವಾಷಿಂಗ್ಟನ್ನಿನಲ್ಲಿ ೨೦೧೧ರಲ್ಲಿ ತೆರೆದ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕದ ಪ್ರಸ್ತಾಪ ೧೯೮೪ರಲ್ಲಿ ಬಂದದ್ದು ಆಲ್ಫಾ ಫೈ ಆಲ್ಫಾದಿಂದ. ಕಿಂಗ್ ಅದರ ಸದಸ್ಯರಾಗಿದ್ದರು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರದೂ ಅದೇ ಸಂಘ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಒಮೆಗಾ ಸೈ ಫೈಗೆ, ಲೇಖಕಿ ಝೋರಾ ನೀಲ್ ಹರ್ಸ್ಟನ್ ಝೀಟಾ ಫೈ ಬೀಟಾಕ್ಕೆ, ಸಂಸತ್ ಸದಸ್ಯೆ ಶರ್ಲಿ ಚಿಶಮ್ ಡೆಲ್ಟಾ ಸಿಗ್ಮಾ ಥೀಟಾಕ್ಕೆ ಸೇರಿದವರು.

ಹೆಜ್ಜೆ ಕುಣಿತ

ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು 'ಸ್ಟೆಪ್ಪಿಂಗ್' ಎಂಬ ಕುಣಿತ. ಇದಕ್ಕೆ ವಾದ್ಯ ಬೇಕಿಲ್ಲ. ಸಾಲಾಗಿ ನಿಂತವರು ನೆಲಕ್ಕೆ ಹೆಜ್ಜೆ ಬಡಿದು, ಚಪ್ಪಾಳೆ ತಟ್ಟಿ, ತೊಡೆ ಬಡಿದು, ಕೂಗು ಹಾಕಿ ತಾಳ ಹುಟ್ಟಿಸುತ್ತಾರೆ. ಕ್ಯಾಪ್ಪಾ ಆಲ್ಫಾ ಸೈ ಸದಸ್ಯರ ಕೈಯಲ್ಲಿ ಕೋಲು ತಿರುಗುತ್ತದೆ. ಹೊಸ ಸದಸ್ಯರನ್ನು ಕಾಲೇಜಿಗೆ ಪರಿಚಯಿಸುವ ದಿನ ಇಂಥ ಪ್ರದರ್ಶನ ಸಾಮಾನ್ಯ. ಸ್ಪೈಕ್ ಲೀ ಅವರ ೧೯೮೮ರ 'ಸ್ಕೂಲ್ ಡೇಝ್' ಚಲನಚಿತ್ರ ಈ ಬದುಕನ್ನು ತೆರೆಗೆ ತಂದಿತು. ಕಪ್ಪು ಜನರೊಳಗಿನ ಮೈಬಣ್ಣದ ತಾರತಮ್ಯವನ್ನೂ ವರ್ಗದ ಜಂಭವನ್ನೂ ಅದು ಟೀಕಿಸಿದೆ.

ಭಾರತದ ನಂಟು

ಒಮೆಗಾ ಸೈ ಫೈ ಸದಸ್ಯರೂ ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಕಿಂಗ್ ಅವರಿಗೆ ಗುರುಸಮಾನರೂ ಆದ ಬೆಂಜಮಿನ್ ಮೇಸ್, ಮೈಸೂರಿನಲ್ಲಿ ನಡೆದ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕೆಂದು ೧೯೩೬ರ ಕೊನೆಯಲ್ಲಿ ಭಾರತಕ್ಕೆ ಬಂದಿದ್ದರು. ಆ ಪ್ರವಾಸದಲ್ಲಿಯೇ ಅವರು ಗಾಂಧೀಜಿಯವರನ್ನು ಭೇಟಿಯಾದರು. ಇತ್ತೀಚಿನ ವರ್ಷಗಳಲ್ಲಿ ಭಾರತದ ಪತ್ರಿಕೆಗಳಲ್ಲಿ ಈ ಸಂಘಗಳ ಹೆಸರು ಕಾಣಿಸಿಕೊಳ್ಳಲು ಕಮಲಾ ಹ್ಯಾರಿಸ್ ಕಾರಣ. ತಮಿಳು ಮೂಲದ ಶ್ಯಾಮಲಾ ಗೋಪಾಲನ್ ಅವರ ಮಗಳಾದ ಹ್ಯಾರಿಸ್, ಹೋವರ್ಡಿನಲ್ಲಿ ಓದುತ್ತಿದ್ದಾಗ ೧೯೮೬ರಲ್ಲಿ ಆಲ್ಫಾ ಕ್ಯಾಪ್ಪಾ ಆಲ್ಫಾ ಸೇರಿದರು. ೨೦೨೦ರ ಚುನಾವಣೆಯಲ್ಲಿ ಅವರು ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರ ಬೆಂಬಲಕ್ಕೆ ನಿಂತವರಲ್ಲಿ ಸಂಘದ ಸೋದರಿಯರು ಮುಂಚೂಣಿಯಲ್ಲಿದ್ದರು.