ದಾರಿ ತೋರುವ ಸ್ಟೀರಿಯೊ: ಸ್ಥಾನ ಬೇರೆ, ನಕ್ಷೆ ಬೇರೆ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಇದರ ಬೈಪಾಸ್‌ಗಳು ಮದ್ದೂರು, ಮಂಡ್ಯ ಪಟ್ಟಣಗಳನ್ನು ಹೊರಗಿನಿಂದ ಬಳಸಿ ಹೋಗುತ್ತವೆ. ಹಳೆಯ ನಕ್ಷೆಯಿರುವ ಕಾರ್ ಸ್ಟೀರಿಯೊ ಅಲ್ಲಿ ನಮ್ಮ ಕಾರು ಗದ್ದೆಯಲ್ಲಿ ಓಡುತ್ತಿರುವಂತೆ ತೋರಿಸಬಹುದು. ತಪ್ಪು ಉಪಗ್ರಹದ್ದಲ್ಲ, ನಕ್ಷೆಯದು. ಇವೆರಡೂ ಬೇರೆ ಎಂಬುದನ್ನು ಈ ಸಾಧನದ ಚರಿತ್ರೆಯೇ ಹೇಳುತ್ತದೆ.

1981ರಲ್ಲಿ ಜಪಾನಿನ ಹೋಂಡಾ ಕಂಪನಿ ತಂದ ಸಾಧನಕ್ಕೆ ಉಪಗ್ರಹದ ನೆರವಿರಲಿಲ್ಲ. ಕಾರಿನ ತಿರುವನ್ನು ಗೈರೊಸ್ಕೋಪ್ ಅಳೆಯುತ್ತಿತ್ತು. ನಕ್ಷೆಯೆಂದರೆ ಪರದೆಯ ಮೇಲಿಟ್ಟ ಪಾರದರ್ಶಕ ಹಾಳೆ. 1985ರಲ್ಲಿ ಅಮೆರಿಕದ ಈಟಾಕ್ ಕಂಪನಿ ನಕ್ಷೆಯನ್ನು ಕ್ಯಾಸೆಟ್ಟಿಗೆ ತುಂಬಿತು. 1990ರಲ್ಲಿ ಮಜ್ದಾ ಕಾರಿಗೆ ಜಿಪಿಎಸ್ ಬಂತು. ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಸುಮಾರು 100 ಮೀಟರ್ ಇದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಇಂದು ಬಯಲಿನಲ್ಲಿ ಅದು ಕೆಲವೇ ಮೀಟರ್. ಆದರೂ ಕಾರು ಹೆದ್ದಾರಿಯಲ್ಲಿದೆಯೋ ಪಕ್ಕದ ಸರ್ವಿಸ್ ರಸ್ತೆಯಲ್ಲಿದೆಯೋ ಎಂದು ಗೊಂದಲವಾಗಲು ಅಷ್ಟೇ ಸಾಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಫೋನಿನ ನಕ್ಷೆಯನ್ನು ಪರದೆಗೆ ತರುವ ಸ್ಟೀರಿಯೊದಲ್ಲಿ ಹೊಸ ರಸ್ತೆಗಳು ಬೇಗ ಸೇರುತ್ತವೆ. ಆದರೆ ಮಳವಳ್ಳಿಯಿಂದ ಮುತ್ತತ್ತಿಯ ಕಾಡಿನತ್ತ ಹೋಗುವಾಗ ಮೊಬೈಲ್ ಸಿಗ್ನಲ್ ತಪ್ಪಿದರೆ, ಉಪಗ್ರಹದ ಸಂಕೇತ ಬಂದರೂ ಪರದೆಯಲ್ಲಿ ನಕ್ಷೆ ಮೂಡದು. ಅದನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಸ್ವಂತ ರಿಸೀವರ್, ಸ್ವಂತ ನಕ್ಷೆಯಿರುವ ಸ್ಟೀರಿಯೊಗೆ ಈ ತೊಂದರೆಯಿಲ್ಲ; ಅದರ ನಕ್ಷೆ ಮಾತ್ರ ಹಳತಾಗುತ್ತದೆ. ಆದ್ದರಿಂದ ಪರದೆಯ ಅಗಲ, ಹಾಡಿನ ಸೌಲಭ್ಯಗಳನ್ನು ನೋಡುವ ಮೊದಲು ನಕ್ಷೆಯನ್ನು ಎಷ್ಟು ವರ್ಷ, ಯಾವ ವೆಚ್ಚದಲ್ಲಿ ನವೀಕರಿಸಿ ಕೊಡುತ್ತಾರೆಂದು ಅಂಗಡಿಯಲ್ಲಿ ಕೇಳಿ.